ನಾಲ್ಕನೇ ಜ್ವರ

ಶಿಡ್ಲಘಟ್ಟದಲ್ಲಿ ಬೆಳಗಿನ ಐದಕ್ಕೇ
ಬಾಯ್ಲರು ಕೆಮ್ಮುತ್ತದೆ.
ಗೂಡು ಬೇಯುವ ವಾಸನೆಗೆ ಹೊಸಬರು ಮೂಗು ಮುಚ್ಚುತ್ತಾರೆ;
ನಮಗದು ಅನ್ನ ಬೆಂದ ವಾಸನೆ.

ಬಿಸಿನೀರಿಗೆ ಬೆಳ್ಳಗಾದ ಬೆರಳು
ಎಳೆಯ ತುದಿ ಹುಡುಕುವಾಗ
ನನ್ನ ದುಪ್ಪಟ್ಟಾದೊಳಗೊಂದು ವೈರು,
ವೈರಿನೊಳಗೆ ಚೀನಾದ ಹೆಂಗಸು.
ಎರಡು ವರ್ಷದಿಂದ ಅವಳು ಆಡುತ್ತಾಳೆ, ನಾನು ಕೇಳುತ್ತೇನೆ.
ನಡುವೆ ನಿಲ್ಲಿಸಿ, 'ಈಗ ನೀವು ಹೇಳಿ' ಅಂತಾಳೆ.
ನಾನು ಹೇಳುವುದಿಲ್ಲ.
ಅವಳು ಸ್ವಲ್ಪ ಕಾದು, ಭೇಷ್ ಅಂದು,
ಮುಂದಿನ ಪಾಠಕ್ಕೆ ಹೋಗುತ್ತಾಳೆ.

ಮಷೀನಿನ ಜೊತೆ ಬಂದ ದಪ್ಪ ಪುಸ್ತಕ
ಮಾಲೀಕರ ಮೇಜಿನ ಕಾಲಿಗೆ ಒತ್ತಾಗಿ ಕೂತಿತ್ತು.
ಎಳೆದು ತಂದೆ; ಮೇಜು ಅವತ್ತಿನಿಂದ ಕುಂಟುತ್ತಿದೆ.
ಎಣ್ಣೆ, ಉಗಿ, ಎಚ್ಚರ, ಕೈ ಇಡಬೇಡಿ:
ಚಿತ್ರ ನೋಡಿ ಅಕ್ಷರ, ಅಕ್ಷರ ನೋಡಿ ಮಷೀನು.
ರೇಷ್ಮೆ ಅಂದರೆ ಎರಡು ಎಳೆ ಪಕ್ಕಪಕ್ಕ,
ಕೆಳಗೊಂದು ಗೆರೆ.
ಅದು ಗುರುತು ಸಿಕ್ಕ ದಿನ ಊಟ ಮರೆತೆ.

ಬಾಯ್ಲರಿನ ಗಂಗುಲಪ್ಪ ನಗುತ್ತಾನೆ:
"ಬಾಯಿದ್ದೋನು ಬರಗಾಲದಲ್ಲೂ ಬದುಕಿದ, ರುಕಿಯಾ.
ಸಂತೇಲಿ ಕೂಗದೆ ಕೊತ್ತಂಬರಿ ಮಾರೋಕಾಯ್ತದಾ?"
ಅವನು ತೆಲುಗಿನಲ್ಲಿ ಚೌಕಾಸಿ ಮಾಡುತ್ತಾನೆ,
ಉರ್ದುವಿನಲ್ಲಿ ಸಾಲ ಕೇಳುತ್ತಾನೆ,
ಕೊಡದವರನ್ನು ಕನ್ನಡದಲ್ಲಿ ಬೈಯುತ್ತಾನೆ.
ಯಾವುದನ್ನೂ ಯಾರೂ ಕಲಿಸಿದ್ದಲ್ಲ.

ಇರಬಹುದು. ಆದರೆ ಒಂದನೇ ಕ್ಲಾಸಿನಲ್ಲಿ
ನಾನು ವರ್ಷವಿಡೀ ತುಟಿ ಬಿಚ್ಚಿರಲಿಲ್ಲ.
ಮೂಗಿಯಿರಬೇಕು ಅಂದುಕೊಂಡಿದ್ದರು ಸರಸಮ್ಮ ಮಿಸ್ಸು.
ಯುಗಾದಿ ರಜೆಗೆ ಮುಂಚೆ ಒಂದು ದಿನ ಎದ್ದು ನಿಂತು,
"ಮಿಸ್, ನಿಮ್ಮ ಸೀರೆ ಅಂಚಿಗೆ ಸುಣ್ಣ ಹತ್ತಿದೆ" ಅಂದೆ,
ಒಂದು ವಿಭಕ್ತಿಯೂ ತಪ್ಪದೆ.
ಅಷ್ಟು ದಿನ ಎಲ್ಲಿ ಬೆಳೆಯುತ್ತಿತ್ತು ಆ ವಾಕ್ಯ?

ನಮ್ಮ ಹುಳವೂ ಹಾಗೇ.
ತಿನ್ನುತ್ತದೆ, ಜ್ವರ ಹಿಡಿದು ಮಲಗುತ್ತದೆ,
ಹಳೇ ಚರ್ಮ ಕಳಚಿ ಎದ್ದು ಮತ್ತೆ ತಿನ್ನುತ್ತದೆ.
ನಾಲ್ಕನೇ ಜ್ವರ ಕಳೆದ ಮೇಲೆ ಅದರ ಹಸಿವು
ಹಂಚಿನ ಮೇಲೆ ಮರಳು ಸುರಿದಂಥ ಸದ್ದು.
ಆಮೇಲೆ ಹಣ್ಣಾಗಿ, ತಲೆಯೆತ್ತಿ,
ತಿಂದ ಬಾಯಲ್ಲೇ ನೂಲು.

ಇದನ್ನು ಹೇಳಿದರೆ ಗಂಗುಲಪ್ಪ ಬಗ್ಗಲಿಲ್ಲ:
"ಹಣ್ಣಾದ ಹುಳಾನ ಚಂದ್ರಿಕೆಗೆ ಬಿಡದಿದ್ರೆ ಏನಾಯ್ತದೆ?
ಸೊಪ್ಪಿನ ಮೇಲೇ ನೂಲು ಉಗಿದು ಹಾಳಾಯ್ತದೆ.
ನಿಂಗೆ ಇದು ಎಷ್ಟನೇ ಜ್ವರ?"
ನಾನು ಲೆಕ್ಕ ಇಟ್ಟಿರಲಿಲ್ಲ.

ಮಂಗಳವಾರ ಮಷೀನು ನೋಡಲು ಲ್ಯಾವ್ ಬಂದ.
ನಾನು ಕೈ ಒರೆಸಿಕೊಳ್ಳುವಷ್ಟರಲ್ಲಿ ಗಂಗುಲಪ್ಪ
ಮೂರು ಚೀನೀ ಪದಕ್ಕೆ ಮುನ್ನೂರು ತೆಲುಗು ಬೆರೆಸಿ,
ಹೆಗಲ ಮೇಲೆ ಕೈ ಹಾಕಿ ಟೀ ಕುಡಿಸಿಯಾಗಿತ್ತು.
ಯಾವ ಬೇಸಿನು, ಏನು ತೊಂದರೆ,
ಅದೊಂದು ಮಾತ್ರ ಇಬ್ಬರಿಗೂ ತಿಳಿಯಲಿಲ್ಲ.
ಎಲ್ಲರೂ ನನ್ನತ್ತ ತಿರುಗಿದರು.

'ರೇಷ್ಮೆ ತುಂಡಾಗುತ್ತಿದೆ' ಅನ್ನಬೇಕಿತ್ತು.
ಗಂಟಲಿನಲ್ಲಿ ಗೋಜಲಾದ ಎರಡು ವರ್ಷ
'ಸ್ಸ' ಅಂತ ಹೊರಬಿತ್ತು, ನೆಟ್ಟಗೆ ನಿಲ್ಲದೆ
ಹೊಂಡಕ್ಕಿಳಿದು ಎದ್ದಿತು.
ಅವನ ಭಾಷೆಯಲ್ಲಿ ಅದು ಸಾವು.
ಲ್ಯಾವ್ ಲೋಟ ಕೆಳಗಿಟ್ಟು ಸುತ್ತ ನೋಡಿದ: ಯಾರು?

ತಪ್ಪಿದ್ದು ಅವನ ಮುಖಕ್ಕಿಂತ ಮೊದಲು
ನನ್ನ ಕಿವಿಗೆ ಗೊತ್ತಾಗಿತ್ತು.
ಅದು ಆ ವೈರಿನ ದುಡಿಮೆ.
ಆದರೆ ಬಾಯಿ ಬಿಡದಿದ್ದರೆ ತಪ್ಪುತ್ತಲೂ ಇರಲಿಲ್ಲ,
ತಪ್ಪದೆ ತಿದ್ದುತ್ತಲೂ ಇರಲಿಲ್ಲ.

ಅವನು ಬೇಸಿನಿಂದ ಎಳೆಯೊಂದನ್ನೆತ್ತಿ
ಎರಡು ಕೈಯಲ್ಲಿ ಬಿಗಿದು ಹಿಡಿದು,
ಅಷ್ಟೇ ನೇರ ಅಂದ: ಸ್ಸ.
ನಾನೂ ಅಂದೆ. ಇನ್ನೊಮ್ಮೆ ಅಂದೆ.
ಹದಿನೇಳನೇ ಬೇಸಿನು ಮಧ್ಯಾಹ್ನಕ್ಕೆ ಸರಿಯಾಯಿತು.

ಸಂಜೆ ಮತ್ತೆ ವೈರು ಕಿವಿಗೆ.
'ಈಗ ನೀವು ಹೇಳಿ' ಅಂದಳು. ಹೇಳಿದೆ,
ಮಷೀನಿನ ಸದ್ದಿಗೆ ಮರೆಯಾಗುವಷ್ಟು ಮೆಲ್ಲಗೆ.
ಎಂದಿನಂತೆ ಕಾದು, ಎಂದಿನ ದನಿಯಲ್ಲೇ ಭೇಷ್ ಅಂದಳು.
ಬಾಯ್ಲರಿನ ಹಿಂದಿನಿಂದ ಗಂಗುಲಪ್ಪ ಕೂಗಿದ:
"ಈಗ ಯಾರು ಸತ್ತರು?"