ಮೇಟಿಯಿಲ್ಲದ ಕಣ

ಗೌರಿಬಿದನೂರಿನಾಚೆ, ಹೊಲ ಮುಗಿದ ಮೇಲೂ ಮುಗಿಯದ ಬಯಲಲ್ಲಿ
ಸೂರ್ಯನ ಸದ್ದು ಹಿಡಿಯಲೆಂದು ನೆಟ್ಟ ಅಲ್ಯೂಮಿನಿಯಂ ಕಡ್ಡಿಗಳು.
ರಾಗಿಯಲ್ಲ, ಜೋಳವಲ್ಲ; ಹಕ್ಕಿಗಳು ಮಾತ್ರ ಭೇದ ಮಾಡುವುದಿಲ್ಲ.
ಇಲಿ ಕಡಿದ ಕೇಬಲ್ಲಿನ ತುದಿ ಹುಡುಕುತ್ತ ಕೂತಿದ್ದೆ,
ಒಂಬತ್ತಕ್ಕೇ ಕಾದ ಕಲ್ಲಿನ ಮೇಲೆ.

ಗಂಗುಲಪ್ಪ ಮೇಕೆ ಅಟ್ಟಿ ಬಂದ.
ಮೇಕೆಗೆ ತೆಲುಗಲ್ಲಿ ಬೈದು, ನನ್ನನ್ನು ಕನ್ನಡದಲ್ಲಿ ಕೇಳಿದ:
"ಮೇಲೊಂದು ಬಿಟ್ಟವ್ರಂತಲ್ಲ ಮೇಡಂ, ಸೂರ್ಯನ್ನ ನೋಡಾಕೆ.
ಇನ್ನ ನಮ್ ಕಡ್ಡಿಗಳ್ನ ಕಿತ್ತಾಕ್ತಾರಾ?"
ಇಲ್ಲ ಎಂದೆ. ಅದು ಕಾಣುವುದು ಬೇರೆ, ನಾವು ಕೇಳುವುದು ಬೇರೆ.
"ಎಷ್ಟು ದೂರ?"
ಸೂರ್ಯನ ಊರು ನೂರು ಮೈಲಿ ಅಂದುಕೋ; ಅದು ಹೋಗಿರುವುದು ಒಂದೇ ಮೈಲಿ.
"ಅಷ್ಟೇನಾ! ಊರ ಮುಂದ್ಲ ಅರಳೀಕಟ್ಟೆ ಗಂಟ!"
ಹದಿನೈದು ಲಕ್ಷ ಕಿಲೋಮೀಟರನ್ನು
ಒಂದು ಬೀಡಿ ಹಚ್ಚುವಷ್ಟರಲ್ಲಿ ಮುಗಿಸಿಬಿಟ್ಟ.

ತುಂಡು ತಂತಿ ಬಾಗಿಸಿ ತೋರಿಸಿದೆ: ಇಲ್ಲಿ ಸೂರ್ಯ, ಇಲ್ಲಿ ನಾವು,
ಇಬ್ಬರ ಜಗ್ಗಾಟ ಲೆಕ್ಕಕ್ಕೆ ಕೂಡುವ ಜಾಗ ಇದು.
ಅಲ್ಲಿದ್ದರೆ ಭೂಮಿಯ ಜೊತೆಗೇ ವರ್ಷ ತುಂಬುತ್ತದೆ,
ಹಿಂದೆ ಬೀಳದೆ, ಮುಂದೆ ಓಡದೆ.
"ಅಂಗಾದ್ರೆ ಅಲ್ಲೇ ಕುಂತೈತೆ."
ಕೂತಿಲ್ಲ. ಆ ಜಾಗವನ್ನು ಸುತ್ತುತ್ತಿದೆ.
"ಜಾಗದಾಗೆ ಏನೈತೆ?"
ಏನೂ ಇಲ್ಲ.

ಗಂಗುಲಪ್ಪ ಬೀಡಿ ಆರಿಸಿ ಕಿವಿಗಿಟ್ಟುಕೊಂಡ.
ಅವರಪ್ಪನ ಕಣದ ನಡುವೆ ಮೇಟಿ ಇತ್ತಂತೆ, ಹಾಲು ಬರುವ ಮರದ್ದು,
ತುದಿಗೆ ತೆನೆ ಕಟ್ಟಿ ಪೂಜೆ ಮಾಡಿದ್ದು.
ಅದನ್ನು ಕಿತ್ತ ಮಾರನೇ ದಿನ ಕಣಕ್ಕೆ ಬಿಟ್ಟ ಮುದಿ ಎತ್ತೊಂದು
ತಾನಾಗೇ ಸುತ್ತು ಹೊಡೆಯಿತಂತೆ,
ಹಗ್ಗವಿಲ್ಲ, ರೋಣಗಲ್ಲಿಲ್ಲ,
ತುಳಿಯಲೊಂದು ತೆನೆಯಿಲ್ಲದ ಗುಡಿಸಿದ ನೆಲದಲ್ಲಿ.
"ನಮ್ಮಪ್ಪ ನಗಲಿಲ್ಲ. ಅದಕ್ಕೇ ನಾವೂ ನಗಲಿಲ್ಲ."

ನಾನು ಹೇಳದೆ ಉಳಿಸಿಕೊಂಡ ಮಾತೊಂದಿತ್ತು.
ನೇರ ನಡುವಿನಲ್ಲಿ ನಿಂತರೆ ಅದರ ದನಿ ನಮಗೆ ಕೇಳಿಸದು,
ಬೆನ್ನ ಹಿಂದಿನ ಸೂರ್ಯನ ಗದ್ದಲದಲ್ಲಿ ಮುಳುಗಿಹೋಗುತ್ತದೆ.
ತುಸು ಪಕ್ಕಕ್ಕೆ ಸರಿದು ಸುತ್ತಿದರೇನೇ ಮಾತು ಮನೆ ಮುಟ್ಟುವುದು.
ಒಲೆಯ ಮುಂದೆ ತೆಲುಗು, ಸ್ಲೇಟಿನ ಮೇಲೆ ಕನ್ನಡ, ಇವೆರಡರ ನಡುವೆ
ಅಂಥದೊಂದು ಜಾಗ ನನಗೆ ಗೊತ್ತು;
ಅಲ್ಲಿ ನಿಂತು ಯಾವತ್ತೂ ಏನೂ ಆಡಿದವಳಲ್ಲ, ಬರೀ ಸುತ್ತಿದವಳು.
ಕೇಬಲ್ ಸಾಲು ಎಣಿಸುವುದು ಈಗಲೂ ಒಕಟಿ, ರೆಂಡು;
ಪುಸ್ತಕದಲ್ಲಿ ಬರೆದಿಡುವುದು ಒಂದು, ಎರಡು.

ಗುರುಗ್ರಹಕ್ಕೆ ಈ ಪಾಡಿಲ್ಲ ಎಂದೆ. ಅವನ ದಾರಿಯಲ್ಲಿ
ಮುಂದೊಂದು ಮಂದೆ, ಹಿಂದೊಂದು ಮಂದೆ, ಸಾವಿರಗಟ್ಟಲೆ ಕಲ್ಲು.
ಅಟ್ಟುವವರಿಲ್ಲ. ಅಂಚಿಗೆ ಹೋದದ್ದು
ಗೊದಮೊಟ್ಟೆಯ ಬಾಲದಂಥ ದಾರಿ ಬಳಸಿ ಮತ್ತೆ ಅಲ್ಲಿಗೇ ಬರುತ್ತದೆ.
"ನಮ್ ಮೇಕೆ ಅಂಗಿದ್ದಿದ್ರೆ ನನ್ ಕೆಲ್ಸ ಯಾವಾಗ್ಲೋ ಹೋಗ್ತಿತ್ತು."
ನಮ್ಮದು ಜಾರುತ್ತದೆ. ಮೊದಲು ಕೂದಲೆಳೆಯಷ್ಟು, ಆಮೇಲೆ ಬೇಗ ಬೇಗ;
ಯಾರೋ ನಿದ್ದೆಗೆಟ್ಟು ಲೆಕ್ಕ ಹಾಕಿ, ಚೂರು ಇಂಧನ ಸುಟ್ಟು
ಮತ್ತೆ ಸುತ್ತಿಗೆ ತರಬೇಕು.

ಹನ್ನೊಂದೂಕಾಲಿಗೆ ಶೆಡ್ಡಿನ ಪರದೆಯಲ್ಲಿ ಗೆರೆ ಜಿಗಿಯಿತು.
ಸೂರ್ಯ ಎಲ್ಲೋ ಸಿಡಿದಿದ್ದ.
ಮೇಲಿನದಕ್ಕೆ ಐದು ಸೆಕೆಂಡು ಮೊದಲೇ ತಾಗಿರಬೇಕು ಬೆಳಕು,
ನಾನು ಕೇಬಲ್ಲಿನ ಸಿಪ್ಪೆ ಸುಲಿಯುತ್ತಿದ್ದಾಗಲೇ.
ಗಾಳಿ ಇನ್ನೂ ದಾರಿಯಲ್ಲಿದೆ; ನಾಡಿದ್ದು ಬಂದರೆ ಬಂತು,
ಬಂದರೆ ಅದಕ್ಕೊಂದು ಗಂಟೆ ಮುಂಚೆ ಗೊತ್ತಾಗುತ್ತದೆ.
"ಗಂಟೆ ಮುಂಚೆ ಗೊತ್ತಾದ್ರೆ ಸಾಕಲ್ಲ," ಎಂದ,
"ಮೊರ ತಗಂಡು ನಿಂತ್ಕಬೋದು."

ಮೂರನೇ ಸಾಲಿನಲ್ಲಿ ಮೇಕೆಗಳು ಮತ್ತೆ ಬಂದಿದ್ದವು.
ಅವನೆದ್ದ. ನೇರ ಹೋಗಲಿಲ್ಲ,
ಬೇಲಿಯಂಚು ಹಿಡಿದು ಬಳಸಿಕೊಂಡು ಹೋದ.