ಕೇಸೊಂದಕ್ಕೆ

ಲಕೋಟೆಗಳು ಐದು. ಒಡೆದವ ನಾನು,
ಲಾಲ್‌ಬಾಗಿನ ಪಾಲಿಕೆ ಕಚೇರಿ, ಕಾನೂನು ವಿಭಾಗ,
ಫ್ಯಾನಿನ ಗಾಳಿಗೆ ಹಾರದ ಹಾಗೆ
ಹಾಜರಿ ಪುಸ್ತಕ ಭಾರ ಇಟ್ಟು.

ಜಾಹೀರಾತೂ ನನ್ನದೇ ಕೈಬರಹ:
ಪಾಲಿಕೆಯ ಪರವಾಗಿ ಅಭಿಯೋಜನೆ ನಡೆಸಲು
ಗುತ್ತಿಗೆ ಆಧಾರದಲ್ಲಿ ವಕೀಲರು ಬೇಕಾಗಿದ್ದಾರೆ.
ಹೋದ ತಿಂಗಳು ಇದೇ ವಾಕ್ಯದಲ್ಲಿ
ವಕೀಲರ ಜಾಗದಲ್ಲಿ ಹೂಳೆತ್ತುವ ಆಳುಗಳಿದ್ದರು.
ಷರತ್ತು ಹದಿನಾಲ್ಕನ್ನು ಅಳಿಸಲು ಮರೆತುಹೋಯಿತು:
ಕೆಲಸದ ವೇಳೆ ಗಂಬೂಟು, ಕೈಗವಸು ಕಡ್ಡಾಯ.
ಯಾರೂ ಆಕ್ಷೇಪ ಎತ್ತಲಿಲ್ಲ.
ಐವರೂ ಓದಿ ಒಪ್ಪಿದ್ದೇವೆಂದು ರುಜು ಹಾಕಿದ್ದಾರೆ.

ಒಂಬೈನೂರು. ಎಂಟುನೂರ ಐವತ್ತು.
ಮತ್ತೆ ಎಂಟುನೂರ ಐವತ್ತು,
ಎರಡು ಹಾಳೆಯಲ್ಲೂ ಒಂದೇ ಪ್ರಿಂಟರಿನ ಕಪ್ಪುಗೆರೆ.
ಒಂದರಲ್ಲಿ ಅಂಕಿಯೇ ಇಲ್ಲ, ತಾವು ಕೊಟ್ಟಷ್ಟು ಎಂದಿದೆ.
ಕೊನೆಯದು ನೀಲಿ ಶಾಯಿ: ಕೇಸೊಂದಕ್ಕೆ ಇನ್ನೂರ ತೊಂಬತ್ತು.
ಲವೀನಾ ಕ್ರಾಸ್ತಾ, ಬಿಜೈ. ಸನ್ನದು ಸಿಕ್ಕಿ ಮೂರು ವರ್ಷ.

ಕಡಿಮೆ ದರ ಬಂತೆಂದರೆ ಮತ್ತೆ ಯೋಚನೆ ಇಲ್ಲ,
ಪೈಪಿಗೂ ಹಾಗೆಯೇ, ನಾಯಿ ಹಿಡಿಯುವವರಿಗೂ ಹಾಗೆಯೇ.
ಆದರೂ ಕರಾರಿಗೆ ಸಹಿ ಹಾಕಲು ಬಂದಾಗ ಕೇಳಿದೆ,
ಇದರಲ್ಲಿ ಎಂಥ ಗಿಟ್ಟುತ್ತದೆ ಮಾರಾಯ್ತಿ?
ಕೊರಳಿನ ಬಿಳಿ ಪಟ್ಟಿಯನ್ನು ಮಡಚಿ
ಹೆಲ್ಮೆಟ್ಟಿನೊಳಗೆ ಇಡುತ್ತ ಅಂದಳು:
ಎದ್ದು ನಿಂತು ಮಾತಾಡಲಿಕ್ಕೆ ಸಿಗ್ತದಲ್ಲ ಸರ್.
ಸೀನಿಯರ ಆಫೀಸಿನಲ್ಲಿ ಮೂರು ವರ್ಷ
ವಾಯಿದೆ ಕೇಳಲಿಕ್ಕೆ ಬಿಟ್ಟರೆ ಬಾಯಿ ತೆರೆದವಳಲ್ಲ.

ಮೊದಲ ಸೋಮವಾರ ಕಡತದ ಕಟ್ಟು ಹೊತ್ತು ನಾನೂ ಹೋದೆ.
ನಲವತ್ತೊಂದು ಕೇಸು.
ಬಂದರಿನ ಗೋದಾಮು, ಲೈಸೆನ್ಸು ಇಲ್ಲದ್ದು;
ಫ್ಲೆಕ್ಸು; ಕೋಳಿ ತ್ಯಾಜ್ಯ; ಮೂರನೇ ಸಲ ಅದೇ ಫ್ಲೆಕ್ಸು;
ಮಳೆನೀರಿನ ತೋಡಿಗೆ ಕೊಳಚೆ ಬಿಟ್ಟ ಒಂದು ಹೋಟೆಲು.
ಹೋಟೆಲಿನ ಪರ ಎದ್ದವರು
ಅವಳ ಹಳೇ ಸೀನಿಯರೇ.
ವಾಯಿದೆ ಬೇಕೆಂದರು.
ಆಕ್ಷೇಪಣೆ ಉಂಟು, ಅಂದಳು ಲವೀನಾ.
ಅಷ್ಟೇ. ಹಿಂದಿನ ಬೆಂಚಿನಲ್ಲಿ
ಯಾರೋ ಪೇಪರು ಮಡಚುವುದನ್ನು ನಿಲ್ಲಿಸಿದರು.
ವಾಯಿದೆ ಹೇಗೂ ಸಿಕ್ಕಿತು, ಅದು ಬೇರೆ ಮಾತು.

ಆಮೇಲೆ ದೇವಕಿ ಕರ್ಕೇರ.
ಸ್ಟೇಟ್‌ಬ್ಯಾಂಕಿನ ಹತ್ತಿರ ಕಾಲುದಾರಿಯಲ್ಲಿ
ಮೀನಿನ ಬುಟ್ಟಿ ಇಟ್ಟು ಅಡಚಣೆ ಮಾಡಿದ ಆರೋಪಿ.
ತಪ್ಪೊಪ್ಪಿಗೆ ಉಂಟಾ ಎಂದರೆ,
ಬುಟ್ಟಿ ಇಟ್ಟದ್ದು ಹೌದು, ಅಡಚಣೆ ಆದದ್ದು ನನಗೆ, ಅಂದಳು.
ಒಪ್ಪಿಗೆ ಎಂದು ಬರೆದುಕೊಂಡರು. ದಂಡ ಐನೂರು.

ಮೆಟ್ಟಿಲ ಮೇಲೆ ಸುರುಟಿದ ನೋಟು ಬಿಡಿಸುತ್ತ ಕೇಳಿದಳು:
ಬಾಯಮ್ಮ, ನನ್ನ ಲೆಕ್ಕದಲ್ಲಿ ನಿಮಗೆ ಎಷ್ಟು?
ಲವೀನಾಳಿಗೆ ಸುಳ್ಳು ಹೊಳೆಯಲಿಲ್ಲ.
ಇನ್ನೂರ ತೊಂಬತ್ತಾ!
ಈಗಿನ ದರಕ್ಕೆ ಒಂದು ಕಿಲೋ ಬಂಗುಡೆಗೂ ಆಗ್ಲಿಕ್ಕಿಲ್ಲ.
ಅಷ್ಟಕ್ಕೆ ನನ್ನನ್ನು ನಾನೇ ಬಯ್ದುಕೊಳ್ತಿದ್ದೆ,
ಇನ್ನೂ ಸ್ವಲ್ಪ ಜೋರಾಗಿ.
ನಗು ಮುಗಿದ ಮೇಲೆ, ಬೇರೆಯೇ ಸ್ವರದಲ್ಲಿ:
ಬೋಣಿಗೆ ಕಡಿಮೆ ಹೇಳಬಾರದು ಬಾಯಮ್ಮ.
ಸಂಜೆವರೆಗೆ ಅದೇ ದರ ಕೇಳ್ತಾರೆ.

ಮಾರ್ಚಿನಲ್ಲಿ ಅವಳ ಬಿಲ್ಲು ಬಂತು.
ಲೆಕ್ಕಪರಿಶೋಧನೆಯವರ ಟಿಪ್ಪಣಿ:
ಆರೋಪಿಯೇ ತಪ್ಪೊಪ್ಪಿಕೊಂಡಲ್ಲಿ
ಕೇಸು 'ನಡೆಸಿದಂತೆ' ಆಗುವುದಿಲ್ಲ, ಶುಲ್ಕ ಕಡಿತಗೊಳಿಸುವುದು.
ದೇವಕಿಯ ಹೆಸರಿನೆದುರು ಕೆಂಪು ಗೆರೆ.
ಎಳೆದದ್ದು ನಾನು. ಸ್ಕೇಲು ಇಟ್ಟು, ನೇರವಾಗಿ.

ಈಗ ಮತ್ತೆ ಜಾಹೀರಾತು, ಮತ್ತೆ ಲಕೋಟೆ.
ಷರತ್ತು ಹದಿನಾಲ್ಕು ಹಾಗೆಯೇ ಉಂಟು,
ಈ ಸಲ ಮರೆತದ್ದಲ್ಲ, ಬಿಟ್ಟದ್ದು.
ಮೂರನೆಯದರಲ್ಲಿ ಪರಿಚಯದ ನೀಲಿ ಶಾಯಿ:
ಕೇಸೊಂದಕ್ಕೆ ಒಂಬೈನೂರು, ಒಪ್ಪಿಕೊಂಡದ್ದೂ ಸೇರಿ.
ಷರತ್ತಿನ ಪಕ್ಕದ ಖಾಲಿ ಜಾಗದಲ್ಲಿ ಸಣ್ಣಕ್ಷರ:
ಗಂಬೂಟು ಪಾಲಿಕೆಯೇ ಒದಗಿಸತಕ್ಕದ್ದು, ಅಳತೆ ಐದು.

ಎರಡು ಲಕೋಟೆ ಒಡೆಯಲು ಬಾಕಿ.
ಒಂದು ಬಹಳ ತೆಳ್ಳಗೆ, ಅಂಟಿನ್ನೂ ಹಸಿ,
ಕಳಿಸಿದವನ ಹೆಸರಿನ ಮುಂದೆ
ವಕೀಲ ಎಂದು ಎರಡು ಸಲ ಬರೆದದ್ದುಂಟು.
ಬ್ಲೇಡು ಕೈಯಲ್ಲೇ ಉಂಟು.
ಚಾ ಬರಲಿ.