ಎಂಬತ್ತನಾಲ್ಕು

ಗಿರಾಕಿಗಳೆಲ್ಲ ಕರಗಿದ ಮೇಲೇ ಬರುತ್ತಿದ್ದರು ಮೋನಾಕ.
ಫಹಾಹೀಲಿನ ಮೀನು ಮಾರ್ಕೆಟ್ಟಿನ ಹಿಂದೆ ನಮ್ಮ ಮೆಡಿಕಲ್ಲು,
ಬಾಗಿಲ ಮೇಲಿನ ಹಸಿರು ಪ್ಲಸ್ಸು ಅರ್ಧ ಉರಿಯುತ್ತದೆ, ಅರ್ಧ ಇಲ್ಲ.
ಇಶಾ ಬಾಂಗ್ ಮುಗಿದು ಶಟರು ಮೊಣಕಾಲಿಗಿಳಿದಾಗ
ಬಗ್ಗಿ ಒಳಬಂದು, ಹಾಲಿನ ಪುಡಿಯ ಡಬ್ಬಿಯೊಂದನ್ನು
ಗಾಜಿನ ಮೇಲಿಟ್ಟು, ತುಳುವಿನಲ್ಲಿ ಕೇಳಿದರು:
ತಂಗಿ, ಇದನ್ನು ನುಂಗಿದರೆ ಸಾಯುತ್ತೇನಾ?

ಡಬ್ಬಿಯಲ್ಲಿ ಹಾಲಿಲ್ಲ. ಮೂರು ಬಾಟಲಿ,
ಒಂದೊಂದರಲ್ಲಿ ಇಪ್ಪತ್ತೆಂಟು,
ಮಂಗಳೂರಿನ ಡಾಕ್ಟರ ಚೀಟಿ, ನಾಲ್ಕು ಮಡಿಕೆ.
ಎಂಬತ್ತೆಂಟರಲ್ಲಿ ಲಾರಿ ಮಗುಚಿದಾಗ
ಯಾರದೋ ಎರಡು ಬಾಟಲಿ ರಕ್ತ ಇವರೊಳಗೆ ಇಳಿದಿತ್ತು.
ಕೊಟ್ಟವನಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ,
ಆ ವೈರಾಣುವಿಗೆ ಆಗಿನ್ನೂ ಹೆಸರೇ ಇಟ್ಟಿರಲಿಲ್ಲ.
ಮೂವತ್ತು ವರ್ಷ ಬಾಡಿಗೆ ಕೊಡದೆ ಲಿವರಿನಲ್ಲಿ ಕೂತ ಒಕ್ಕಲು,
ಸದ್ದಿಲ್ಲ, ನೋವಿಲ್ಲ,
ಗೋಡೆ ಮಾತ್ರ ಒಳಗಿಂದೊಳಗೇ ಗಟ್ಟಿಯಾಗುತ್ತ.

ಮೊದಲು ಇದಕ್ಕೆ ಸೂಜಿಯಿತ್ತು. ಲಿಗೋರಿಯನ್ನು ಕಂಡಿದ್ದೇನೆ:
ವಾರಕ್ಕೊಂದು, ನಲವತ್ತೆಂಟು ವಾರ.
ಜುಲೈಯಲ್ಲಿ ಹೊರಗೆ ಡಾಂಬರು ಚಪ್ಪಲಿಗೆ ಅಂಟುತ್ತಿದ್ದರೆ
ಒಳಗವನು ಎರಡು ಕಂಬಳಿ ಹೊದ್ದು ಹಲ್ಲು ಕಟಕಟ.
ಕೂದಲು ಬಾಚಣಿಗೆಗೆ ಹೋಯಿತು, ನಗು ಎಲ್ಲಿಗೋ.
ಕೊನೆಗೆ ಬಂದ ರಿಪೋರ್ಟಿನಲ್ಲಿ ವೈರಾಣು ಹಾಗೇ ಇತ್ತು.
ಇದನ್ನು ಮೋನಾಕನಿಗೆ ಹೇಳಲಿಲ್ಲ.

ಹೇಳಿದ್ದು: ತಲೆ ನೋಯಬಹುದು, ಸುಸ್ತಾಗಬಹುದು,
ಹೊಟ್ಟೆ ತೊಳಸಬಹುದು. ದಿನಕ್ಕೊಂದು, ಹನ್ನೆರಡು ವಾರ.
ನೂರರಲ್ಲಿ ತೊಂಬತ್ತೈದು ಜನಕ್ಕೆ ಹೋಗಿಯೇ ಹೋಗುತ್ತದೆ.
ಉಳಿದ ಐದು ಜನ ಎಲ್ಲಿದ್ದಾರೆ, ಎಂದರು.
ನನ್ನ ಪುಸ್ತಕದಲ್ಲಿ ಅವರ ವಿಳಾಸವಿರಲಿಲ್ಲ.

ಆಮೇಲೆ ಕೇಳುವ ಸರದಿ ನನ್ನದು.
ಎದೆಬಡಿತಕ್ಕೆ ಮಾತ್ರೆಯುಂಟಾ? ಇಲ್ಲ.
ಬಿ ಪರೀಕ್ಷೆ ಮಾಡಿಸಿದ್ದಾರಾ? ಸಿಯನ್ನು ಓಡಿಸುವಾಗ
ಮಲಗಿದ್ದ ಬಿ ಎದ್ದು ಕೂರುವುದುಂಟು.
ಚೀಟಿಯ ಮೂಲೆಯಲ್ಲಿತ್ತು: ಬಿ ಇಲ್ಲ.
ಎದೆಯುರಿಗೆ?
ಅಂಗಿಯ ಜೇಬಿನಿಂದ ನಾಚುತ್ತ ಹೊರಬಂತು
ಗ್ಯಾಸ್ ಮಾತ್ರೆಯ ಪಟ್ಟಿ, ಅರ್ಧ ಖಾಲಿ.
ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು.
ಹೊಟ್ಟೆಯ ಹುಳಿ ಬತ್ತಿದರೆ ಈ ಔಷಧಿ ಸರಿಯಾಗಿ ಕರಗುವುದಿಲ್ಲ,
ಊರಲ್ಲಿ ಬಳೆ ಒತ್ತೆಯಿಟ್ಟು ತಂದ ಎಂಬತ್ತನಾಲ್ಕೂ ನೀರು ಪಾಲು.
ರಾತ್ರಿಯೇ ಡಾಕ್ಟರಿಗೆ ಫೋನು. ಪಟ್ಟಿ ನನ್ನ ಕಸದ ಬುಟ್ಟಿಗೆ.
ಸಾವು ಕೇಳಲು ಬಂದವರಿಗೆ ನಾನು ಕೊಟ್ಟದ್ದು
ಉಪ್ಪಿನಕಾಯಿ ಬಿಡಿ ಎಂಬ ಉತ್ತರ.

ಏಳು ಜನರ ಕೋಣೆಯಲ್ಲಿ ಅದು ವಿಟಮಿನ್ ಆಯಿತು.
ಚಪಾತಿ ಮಾಡುವ ನೇಪಾಳಿ ಹುಡುಗ ತನಗೂ ಒಂದು ಕೇಳಿದನಂತೆ.
ನಲವತ್ತೊಂದನೆಯ ದಿನ ಧೂಳಿನ ಬಿರುಗಾಳಿ,
ಮೇಡಂ ಮಕ್ಕಳೊಂದಿಗೆ ಏರ್‌ಪೋರ್ಟಿನಲ್ಲಿ ನಡುರಾತ್ರಿ ದಾಟಿ
ಮರೆತ ಮಾತ್ರೆ ನೆನಪಾಗಿ ಕಾರಿನಿಂದಲೇ ಕರೆದರು:
ನಾಳೆ ಎರಡು ಒಟ್ಟಿಗೆ ನುಂಗಲಾ?
ಬೇಡ ಮೋನಾಕ, ಈಗೊಂದು, ನಾಳೆ ಎಂದಿನಂತೆ.
ಗೆರೆ ಗೆರೆಯಾಗಿ ಕೇಳಿಸುತ್ತಿತ್ತು ವೈಪರಿನ ಸದ್ದು,
ಮಳೆಯಿಲ್ಲದೆ ಮರಳು ಒರೆಸುವ ವೈಪರು.

ಮುಗಿಸಿ, ಮತ್ತೆ ಹನ್ನೆರಡು ವಾರ ಕಾದು,
ರಿಪೋರ್ಟು ತಂದರು. ಪತ್ತೆಯಾಗಿಲ್ಲ, ಎಂದು ಓದಿದೆ.
ಮತ್ತೊಮ್ಮೆ ಓದು. ಓದಿದೆ.
ಅರಬ್ಬಿಯಲ್ಲೂ ಹಾಗೇ ಇದೆಯಾ?
ಇದೆ.

ಕುಣಿಯಲಿಲ್ಲ. ಸ್ಟೂಲಿನ ಮೇಲೆ ಕೂತು,
ಹೊಸ ಕಫೀಲನ ವೀಸಾಕ್ಕೆ ಮೆಡಿಕಲ್ ಇದೆ, ಎಂದರು,
ಇನ್ನು ಹೆದರಿಕೆಯಿಲ್ಲ ತಾನೇ?
ಹೇಗೆ ಹೇಳಲಿ. ಕಳ್ಳ ಊರು ಬಿಟ್ಟರೂ
ನಾಯಿ ಬೊಗಳುತ್ತಲೇ ಇರುತ್ತದೆ ಮೋನಾಕ.
ಅವರ ಮೊದಲ ಪರೀಕ್ಷೆ ಹುಡುಕುವುದು ಬೊಗಳುವುದನ್ನು,
ಕಳ್ಳನನ್ನಲ್ಲ. ಮತ್ತೆ ಪಾಸಿಟಿವ್ ಎನ್ನಬಹುದು,
ಆಗ ಈ ಕಾಗದ ತೋರಿಸಿ, ವೈರಾಣುವನ್ನೇ ಹುಡುಕಿ ಎನ್ನಿ.

ಕೇಳುತ್ತಾರಾ?

ಎರಡು ಜೆರಾಕ್ಸ್ ತೆಗೆದೆ. ಶಾಯಿ ಮುಗಿಯುತ್ತ ಬಂದಿತ್ತು,
ಹೆಸರು, ಸಿವಿಲ್ ನಂಬರು ಎಲ್ಲ ಕಪ್ಪಗೆ ಬಂದು
ಆ ಒಂದು ಸಾಲು ಮಾತ್ರ ಮಸುಕು.
ಯಂತ್ರ ತೆರೆದು ಶಾಯಿಡಬ್ಬಿ ಅಲುಗಾಡಿಸಿ
ಮೂರನೆಯದು ಹಾಕಿದೆ.